ಸಾಲ್ಟ್ ಅದೇ ಸಾರ್

ಚಿಕ್ಕಬಾಣಾವರ ಸ್ಟೇಷನ್ನಿಗೆ ರೈಲು ತಡವಾಗಿ ಬಂದರೆ ನನಗೇನೂ ಬೇಜಾರಿಲ್ಲ. ಪ್ಲಾಟ್‌ಫಾರಂ ಬದಲಾಯಿತೆಂದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಮೇಲ್ಸೇತುವೆ ಹತ್ತಬೇಕಲ್ಲ! ಹತ್ತುವಾಗ ಹೇಗೋ ದೇವರ ಹೆಸರು ಹೇಳಿಕೊಂಡು ಹತ್ತಿಬಿಡಬಹುದು. ಇಳಿಯುವಾಗ ಆ ದೇವರೂ ಕೈಬಿಡುತ್ತಾನೆ. ಬಲಮಂಡಿ ಮೆಟ್ಟಿಲಿಗೊಮ್ಮೆ ‘ಕಟಕ್’ ಎಂದು ಹಾಜರಿ ಹೇಳುತ್ತದೆ.

ಸಂಜೆ ನಾವು ನಾಲ್ವರು ನಿವೃತ್ತರು ಕೂರುವ ಕಲ್ಲುಬೆಂಚೊಂದಿದೆ. ಒಟ್ಟು ಎಂಟು ಮಂಡಿ, ಅದರಲ್ಲಿ ನೆಟ್ಟಗಿರುವುದು ಎರಡೋ ಮೂರೋ. ನಮ್ಮ ಅಪ್ಪಂದಿರು ಇಂಥಲ್ಲಿ ಎಲೆಅಡಿಕೆ ಚೀಲ ಬಿಚ್ಚುತ್ತಿದ್ದರು. ನಾವು ಮಾತ್ರೆ ಬಿಚ್ಚುತ್ತೇವೆ. “ಇದೊಂದು ಹಾಕ್ಕೊಂಡು ನೋಡಿ ಸ್ವಾಮಿ, ಕುದುರೆ ಆಗ್ತೀರಿ” ಎಂದರೆ ಯಾರೂ ಬೇಡವೆನ್ನುವುದಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಬೇಡವೆನ್ನುವ ಸಂಸ್ಕಾರ ನಮ್ಮದಲ್ಲ.

ನಾನೂ ಕುದುರೆಯಾದೆ. ಹಿಂದೆಂದೋ ಡಾಕ್ಟರು ಐದು ದಿನಕ್ಕೆಂದು ಬರೆದುಕೊಟ್ಟದ್ದು ಬೆಳಿಗ್ಗೆ, ಬೆಂಚಿನ ಪ್ರಸಾದ ಸಂಜೆ. ಚೀಟಿ ಹಳದಿಗಟ್ಟಿದರೂ ಮಾತ್ರೆ ನಿಲ್ಲಲಿಲ್ಲ. ಒಂದು ದಿನ ಮೆಡಿಕಲ್ ಸ್ಟೋರಿನ ಹುಡುಗ, “ಆ ಕಂಪನೀದು ಖಾಲಿ. ಬೇರೆ ಕೊಡ್ಲಾ? ಸಾಲ್ಟ್ ಅದೇ ಸಾರ್” ಅಂದ.

“ಸಾಲ್ಟ್ ಬೇಡಪ್ಪ, ನಂಗೆ ಬಿಪಿ ಇದೆ.”

ಪಕ್ಕದಲ್ಲಿದ್ದ ಹೆಂಗಸು ಕೂಡ ಸೆರಗು ಬಾಯಿಗೆ ಹಿಡಿದು ನಕ್ಕರು. ಮಾತ್ರೆಯೊಳಗಿನ ಔಷಧಕ್ಕೆ ಅಂಗಡಿಯವರು ಹಾಗನ್ನುತ್ತಾರಂತೆ. ಆದರೆ ನಾನು ಅಂದದ್ದು ಪೂರ್ತಿ ದಡ್ಡತನವೂ ಅಲ್ಲವೆಂದು ಆಮೇಲೆ ಗೊತ್ತಾಯಿತು. ಈ ಜಾತಿಯ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಬಿಪಿ ಏರಿಸಬಲ್ಲವು.

ಏರಿಸಿದವು ಕೂಡ. ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಹೊಟ್ಟೆ ಉರಿಗೆ ನಾನು ಮನೆಯ ಹುಳಿಯನ್ನು ದೂರಿದೆ. “ಮೂವತ್ತೆಂಟು ವರ್ಷ ಉರೀದಿದ್ದ ಹೊಟ್ಟೆ ಈಗ ಉರೀತಾ ರೀ?” ಎಂದು ನನ್ನಾಕೆ ಮೈಸೂರುಪಾಕಿನ ಹಳೇ ಡಬ್ಬಕ್ಕೆ ಮನೆಯ ಮಾತ್ರೆಗಳನ್ನೆಲ್ಲ ಸುರಿದು ನನ್ನನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವರು. ಡಬ್ಬವನ್ನು ಮೇಜಿಗೆ ಬಗ್ಗಿಸಿ, ಕವಡೆ ಎಣಿಸುವವರಂತೆ ಒಂದೊಂದನ್ನೇ ಸರಿಸಿದರು. ಒಂದು ಹಸಿರು, ಒಂದು ಬೆಳ್ಳಿ. ಎರಡರ ಹಿಂದೆಯೂ ಚೀಟಿಯಿಲ್ಲದೆ ಕೊಳ್ಳಬಾರದೆಂಬ ಕೆಂಪು ಗೆರೆ. ಅಂಗಡಿಯ ಕತ್ತರಿಗೆ ಹೆಸರಿನ ತಲೆ ಹಾರಿ ಎರಡರಲ್ಲೂ ಉಳಿದದ್ದು ಬಾಲವೊಂದೇ: ‘ಫೆನಾಕ್’. ಒಂದು ಡೈಕ್ಲೋಫೆನಾಕ್, ಇನ್ನೊಂದು ಅಸೆಕ್ಲೋಫೆನಾಕ್. ಅಣ್ಣತಮ್ಮಂದಿರು! ಎರಡು ಸೇರಿದರೆ ನೋವೇನೂ ದುಪ್ಪಟ್ಟು ಇಳಿಯುವುದಿಲ್ಲ, ತೊಂದರೆ ಮಾತ್ರ ಹೆಚ್ಚುತ್ತದಂತೆ.

ನಮ್ಮ ಮೈಯಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬುದೊಂದಿದೆ. ಮಂಡಿಯಲ್ಲಿ ಉರಿ, ಊತ ಎಬ್ಬಿಸುವುದು ಅದೇ. ಜಠರದ ಒಳಪದರ ಕಾಯುವುದೂ ಅದೇ. ಆಸ್ಪಿರಿನ್ ಜಾತಿಯ ಮದ್ದು ಅದರ ಉತ್ಪತ್ತಿಯನ್ನೇ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿ, 1982ರಲ್ಲಿ ನೊಬೆಲ್ ಹಂಚಿಕೊಂಡರು. ನನಗೆ ಅದು ಅರ್ಥವಾದದ್ದು ಕೆರೆಯ ಲೆಕ್ಕದಲ್ಲಿ. ಹಿಂದೆ ಊರೂರಿಗೂ ನೀರುಗಂಟಿ ಇರುತ್ತಿದ್ದ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಾಯಿಸುವವ. ಕಿಡ್ನಿಗೆ ರಕ್ತ ಕಡಿಮೆಯಾಗುವ ಹೊತ್ತಿನಲ್ಲಿ ತೂಬು ತೆರೆದಿಡುವ ನೀರುಗಂಟಿ ಈ ಪ್ರೋಸ್ಟಗ್ಲಾಂಡಿನ್. ಮಂಡಿಯಲ್ಲಿ ಗಲಾಟೆ ಮಾಡಿದನೆಂದು ನಾನು ಅದೇ ಜಾತಿಯ ಮಾತ್ರೆ ನುಂಗಿ ಅವನನ್ನು ಊರಿಂದಲೇ ಓಡಿಸಿದ್ದೆ. ಸಾಲದ್ದಕ್ಕೆ ಬಿಪಿಗೆಂದು ನುಂಗುತ್ತಿದ್ದುದು ‘ಸಾರ್ಟಾನ್’ ಬಾಲದ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಇನ್ನೊಂದು. ಮೂರೂ ಸೇರಿದರೆ ಕಿಡ್ನಿಯ ಗದ್ದೆ ಒಣಗೀತು ಎಂದರು.

“ರಣಹದ್ದಿನ ಕಥೆ ಗೊತ್ತಾ ಅಂಕಲ್?” ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ, ಕಿಡ್ನಿ ಕೆಟ್ಟು ಅವು ರಾಶಿರಾಶಿಯಾಗಿ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡಬಾರದೆಂದು ಸರ್ಕಾರ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾದದ್ದು 2012ರಲ್ಲಿ. ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ದು, ಹದ್ದು ಬಿಟ್ಟು ‘ಶೋಲೆ’ಯ ಬಂಡೆ ತೋರಿಸಿ ಬಂದವನು ನಾನು. ಮೆಟ್ಟಿಲು ಹತ್ತಲು ಅವತ್ತು ನುಂಗಿದ್ದೂ ಅದೇ ಮಾತ್ರೆ.

ಊಟವಾದ ಮೇಲೇ ತಾನೇ ನುಂಗಿದ್ದು ಎಂದು ವಾದ ಹೂಡಿದೆ. ಊಟ ಉರಿಯನ್ನಷ್ಟೇ ಕೊಂಚ ತಗ್ಗಿಸುತ್ತದೆ. ಮದ್ದು ರಕ್ತದ ದಾರಿಯಲ್ಲೂ ಜಠರಕ್ಕೆ ಬರುವುದರಿಂದ ಹುಣ್ಣಿನ ಭಯ ಇದ್ದೇ ಇರುತ್ತದೆ ಎಂದರು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಒಸರುತ್ತಿರಬಹುದು, ಆಗ ನೆಟ್ಟಗೆ ಆಸ್ಪತ್ರೆಗೆ. ಮಂಡಿಗೆ ಮೊದಲು ಹಚ್ಚುವ ಜೆಲ್. ಮಾತ್ರೆ ಬೇಕೇಬೇಕೆಂದರೆ ಅವರನ್ನು ಕೇಳಿ, ಒಂದೇ ಜಾತಿಯದು, ಕಡಿಮೆ ಪ್ರಮಾಣ, ಕೆಲವೇ ದಿನ. ರಕ್ತ ಪರೀಕ್ಷೆಗೆ ಚೀಟಿ ಕೊಟ್ಟು, ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವ ವ್ಯಾಯಾಮ ಹೇಳಿಕೊಟ್ಟರು. ಅದನ್ನು ನಾನು ಟಿವಿ ಮುಂದೆ ಮಾಡುತ್ತೇನೆ. ಜಾಹೀರಾತು ಬಂದಾಗ ಎತ್ತಿದ ಕಾಲು ವಾರ್ತೆ ಬಂದಾಗ ಇಳಿಯುತ್ತದೆ.

ರಿಪೋರ್ಟು ನೋಡಿ, “ಬೇಗ ಬಂದಿರಿ” ಎಂದರು. ಎಲ್ಲಿಗೂ ಬೇಗ ಹೋದವನಲ್ಲ ನಾನು. ಆ ಹೆಮ್ಮೆಯಲ್ಲೇ ಮೊನ್ನೆ ಬೆಂಚಿಗೆ ಹೋದೆ. ಗೆಳೆಯರೊಬ್ಬರು ಎಂದಿನಂತೆ ಕತ್ತರಿಸಿದ ಪಟ್ಟಿಯೊಂದನ್ನು ಚಾಚಿದರು. ನಾನು ಕನ್ನಡಕ ಏರಿಸಿ, ತಿಳಿದವನ ಗತ್ತಿನಲ್ಲಿ, “ಇದರ ಸಾಲ್ಟ್ ಏನು ಸ್ವಾಮಿ?” ಎಂದೆ.

“ಛೆ ಛೆ, ಉಪ್ಪೆಲ್ಲ ಇಲ್ಲ, ಧೈರ್ಯವಾಗಿ ತಗೊಳ್ಳಿ,” ಅಂದರು. “ನಂಗೂ ಬಿಪಿ ಇದೆ.”