ಹಾಡುವುದೊಂದು ಬಿಟ್ಟು: ನಾದಜಿಜ್ಞಾಸು ಲಕ್ಷಣ ಚಂದ್ರಿಕೆ

ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳದೆ ಗ್ರಂಥಕ್ಕೆ ಕೈಹಾಕುವವನು ಶಾಸ್ತ್ರಕಾರನಲ್ಲ, ಬರೀ ಬರೆಯುವವನು. ಆದ್ದರಿಂದ ನಿರೂಪಿಸುತ್ತೇವೆ. ಸಂಗೀತದ ಬಗ್ಗೆ ಎಲ್ಲವನ್ನೂ ತಿಳಿಯಬೇಕೆಂಬ ಹಂಬಲವಿದ್ದು, ಹಾಡಲು ಮಾತ್ರ ಪುರುಸೊತ್ತಿಲ್ಲದವನು ಈ ಗ್ರಂಥಕ್ಕೆ ಅಧಿಕಾರಿ. ನಾದವೊಂದನ್ನು ಬಿಟ್ಟು ನಾದದ ಸುತ್ತ ಇರುವುದೆಲ್ಲ ವಿಷಯ. ಪ್ರಯೋಜನ ದ್ವಿವಿಧ: ದೃಷ್ಟ, ಅದೃಷ್ಟ. ದೃಷ್ಟಪ್ರಯೋಜನವೆಂದರೆ ಶಾಲು, ಹಾರ, ಫಲತಾಂಬೂಲ ಮತ್ತು ಲ್ಯಾಮಿನೇಟ್ ಮಾಡಿಸಿದ ಪ್ರಮಾಣಪತ್ರ. ಅದೃಷ್ಟಪ್ರಯೋಜನವೆಂದರೆ ಸಂಗೀತ, ಅದು ಹೆಸರಿಗೆ ತಕ್ಕಂತೆ ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಸಂಬಂಧವು ಉಪನ್ಯಾಸಕರಿಗೂ ಸಂಘಟಕರಿಗೂ ಇರುವಂಥದ್ದು. ಅದನ್ನು ವಿಸ್ತರಿಸಿದರೆ ಎರಡು ಮನೆಯವರಿಗೆ ಬೇಜಾರಾದೀತು.

ಜಿಜ್ಞಾಸುಗಳು ಐದು ವಿಧ: ಮೇಳಗಣಕ, ಶ್ರುತಿಭೇದಕ, ಯಂತ್ರೋಪಜೀವಿ, ಪ್ರತಿಭೋಪದೇಶಿ ಹಾಗೂ ಸಂಕೀರ್ಣ. ಉತ್ತಮ, ಮಧ್ಯಮ, ಅಧಮ ಭೇದದಿಂದ ಇವರು ಹದಿನೈದಾಗುತ್ತಾರೆ. ಮೈಕ್ ಕೊಟ್ಟರೆ ಹಿಂದಿರುಗಿಸುವವರು, ಹಿಂದಿರುಗಿಸದವರು ಎಂಬ ಉಪಭೇದದಿಂದ ಮೂವತ್ತು. ಎಪ್ಪತ್ತೆರಡಾಗದ ಸಂಖ್ಯೆಗೆ ನಮ್ಮಲ್ಲಿ ಮರ್ಯಾದೆ ಇಲ್ಲವಾದ್ದರಿಂದ ಉಳಿದ ನಲವತ್ತೆರಡನ್ನು ಪ್ರಸ್ತಾರಕ್ರಮದಲ್ಲಿ ಓದುಗರೇ ಊಹಿಸಿಕೊಳ್ಳತಕ್ಕದ್ದು.

ಮೊದಲನೆಯವನು ಮೇಳಗಣಕ. ರಾಗದ ಹೆಸರು ಹೇಳಿದರೆ ಸಾಕು, ಕಟಪಯಾದಿ ಹಾಕಿ ಮೇಳದ ಸಂಖ್ಯೆ ಕೊಡುತ್ತಾನೆ. ಮಾಯಾಮಾಳವಗೌಳ: 'ಮ'ಕಾರಕ್ಕೆ ಐದು, 'ಯ'ಕಾರಕ್ಕೆ ಒಂದು, ತಿರುಗಿಸಿ ಓದಿದರೆ 15. ಮೇಚಕಲ್ಯಾಣಿ: ಐದು, ಆರು, ತಿರುಗಿಸಿದರೆ 65. ಮದುವೆಮನೆಯಲ್ಲಿ ನಾಗಸ್ವರದವರು ಮುಹೂರ್ತದ ಹೊತ್ತಿಗೆ ಬೆವರು ಸುರಿಸಿ ಕಲ್ಯಾಣಿಯನ್ನು ಅರಳಿಸುತ್ತಿದ್ದರೆ ಮೇಳಗಣಕನು ಪಕ್ಕದವರಿಗೆ "ಅರವತ್ತೈದು" ಎಂದು ಹೇಳಿ ಊಟದ ಪಂಕ್ತಿಗೆ ಏಳುತ್ತಾನೆ. ಅವನ ಪಾಲಿಗೆ ರಸಾಸ್ವಾದ ಮುಗಿಯಿತು.

ಇವನ ಕುಲದೈವ ವೆಂಕಟಮಖಿ. ತಂಜಾವೂರಿನ ನಾಯಕ ಅರಸರಿಗೆ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಮಗ ಆತ. 17ನೇ ಶತಮಾನದ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ರಿ-ಗಗಳ ಜೋಡಿ ಆರು, ದ-ನಿಗಳ ಜೋಡಿ ಆರು, ಮಧ್ಯಮ ಎರಡು ಎಂದು ಗುಣಿಸಿ 72 ಮಾಡಿದ. ಹಣೆಗಣ್ಣನಿಂದಲೂ ಇದಕ್ಕೊಂದು ಸೇರಿಸಲು, ಕಳೆಯಲು ಆಗದೆಂಬ ಧಾಟಿಯಲ್ಲಿ ಜಂಬವನ್ನೂ ಕೊಚ್ಚಿದ. ಮೇಳಗಣಕನಿಗೆ ಈ ಜಂಬದ ತನಕ ಮಾತ್ರ ಗೊತ್ತು. ಅದೇ ವೆಂಕಟಮಖಿ ತನ್ನ ಕಾಲಕ್ಕೆ ಬಳಕೆಯಲ್ಲಿದ್ದ 19 ಮೇಳಗಳನ್ನಷ್ಟೇ ಎತ್ತಿಕೊಂಡು ವಿವರಿಸಿದ್ದು ಮೇಳಗಣಕನ ಟಿಪ್ಪಣಿ ಪುಸ್ತಕದಲ್ಲಿ ಇರುವುದಿಲ್ಲ. ಲೆಕ್ಕ ಮುಂದೆ ಓಡಿತ್ತು, ಹಾಡಿಕೆ ತನ್ನ ಪಾಡಿಗೆ ಹಿಂದೆ ಬರುತ್ತಿತ್ತು, ಆತನಿಗೆ ಎರಡೂ ಗೊತ್ತಿತ್ತು. 72ರಲ್ಲಿ 40 ವಿವಾದಿ ಮೇಳಗಳು. ಅವುಗಳಲ್ಲಿ ಹೆಚ್ಚಿನವು ಕಛೇರಿಗಳಲ್ಲಿ ಕೇಳಿಬರುವುದು ಇಂದಿಗೂ ಅಪರೂಪ. ಇನ್ನು 1550ರಲ್ಲಿ ವಿಜಯನಗರದ ಆಶ್ರಯದಲ್ಲಿ 'ಸ್ವರಮೇಳಕಲಾನಿಧಿ' ಬರೆದು 20 ಮೇಳ ಹೇಳಿದ ರಾಮಾಮಾತ್ಯನನ್ನು ವೆಂಕಟಮಖಿ ತನ್ನ ಗ್ರಂಥದಲ್ಲಿ ಚೆನ್ನಾಗಿಯೇ ಬೈದಿದ್ದಾನೆ. ಸಂಗೀತಶಾಸ್ತ್ರದಲ್ಲಿ ಎಲ್ಲೂ ಕಡಿಯದೆ ಬಂದ ಪರಂಪರೆ ಇದೊಂದೇ ಎಂಬುದು ನಮ್ಮ ಸಿದ್ಧಾಂತ.

ಮಾಯಾಮಾಳವಗೌಳದ ಸಂಖ್ಯೆ ಬಾಯಿಪಾಠವಿರುವ ಈ ಮೇಳಗಣಕನನ್ನು, ಸರಳಿ ವರಸೆಯನ್ನು ಅದರಲ್ಲೇ ಏಕೆ ಕಲಿಸುತ್ತಾರೆ ಎಂದು ಕೇಳಿ ನೋಡಿ. "ಪುರಂದರದಾಸರು ಹಾಗೆ ಮಾಡಿಟ್ಟರು" ಎನ್ನುತ್ತಾನೆ. ಸರಿ, ಪರಂಪರೆ ಹಾಗೆಯೇ ಹೇಳುತ್ತದೆ. ಆದರೆ ಸ-ರಿ ಅಂಟಿಕೊಂಡಿವೆ, ರಿ-ಗ ನಡುವೆ ಅಗಲ, ಗ-ಮ ಮತ್ತೆ ಅಂಟು; ಪಂಚಮದಿಂದ ಮೇಲೆ ಅದೇ ನಕ್ಷೆ ಇನ್ನೊಮ್ಮೆ. ಕೆಳಗೆ ಕಲಿತದ್ದನ್ನು ಮಗು ಮೇಲೆ ತಾನಾಗಿ ಹಾಡಬಲ್ಲದು. ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಅರ್ಧ ನಿಮಿಷಕ್ಕೆ ಶಾಲು ಹೊದಿಸುವುದಿಲ್ಲ ಎಂಬುದೇ ತೊಡಕು.

ಎರಡನೆಯವನು ಶ್ರುತಿಭೇದಕ. ಭರತನ ಎರಡು ವೀಣೆಗಳಿಂದ ಹೊರಟು 22 ಶ್ರುತಿಗಳನ್ನು ದಾಟಿ ಸೆಂಟ್ಸ್ ಲೆಕ್ಕಕ್ಕೆ ಬಂದು ನಿಲ್ಲುವ ಇವನು ಪ್ರಮಾಣಶ್ರುತಿ 81/80, ಅಂದರೆ ಸುಮಾರು 22 ಸೆಂಟ್ಸ್ ಎಂದು ಬೋರ್ಡಿನ ಮೇಲೆ ಸಾಧಿಸುತ್ತಾನೆ. ಶುದ್ಧವಾದ ಅಂತರ ಗಾಂಧಾರ 386 ಸೆಂಟ್ಸ್, ಕೀಬೋರ್ಡಿನದು 400, ಆದ್ದರಿಂದ ಕೀಬೋರ್ಡು ಅಪಶ್ರುತಿ ಎಂದು ಘೋಷಿಸಿ, ಶುದ್ಧವಾದದ್ದನ್ನು ಹಾಡಿ ತೋರಿಸಲು ಹೋಗಿ ಎರಡಕ್ಕೂ ಸಲ್ಲದ ಮೂರನೆಯದೊಂದನ್ನು ಹಾಡುತ್ತಾನೆ. ಸಭೆ ತಲೆದೂಗುತ್ತದೆ. 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟದ್ದಕ್ಕೆ ಇಂಥದೇ ವಾದಗಳ ಬೆಂಬಲವಿತ್ತು. ಈಗ ಅದೇ ಹನ್ನೆರಡು ಮನೆಯ ಅಳತೆ ವಿದ್ಯಾರ್ಥಿಗಳ ಫೋನಿನಲ್ಲಿ ಟ್ಯೂನರ್ ಆಗಿ ಕೂತು ಹಸಿರು ದೀಪ ತೋರಿಸುತ್ತಿದೆ. ದೀಪ ಹಸಿರಾದರೆ ಶ್ರುತಿ ಸೇರಿತು. ಕಿವಿಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಇವನದೇ ಶಾಖೆಯೊಂದು 432 ಹರ್ಟ್ಸ್ ಪಂಥ. 1955ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 440ನ್ನು ಶಿಫಾರಸು ಮಾಡಿದಾಗಿನಿಂದ ಮನುಕುಲದ ಚಕ್ರಗಳೆಲ್ಲ ತಪ್ಪಿವೆ ಎನ್ನುವವರು. ತನ್ನ ಷಡ್ಜವನ್ನು ತನ್ನ ಗಂಟಲಿಗೆ ತಕ್ಕಂತೆ ಒಂದು ಮನೆಗೋ ಐದೂವರೆ ಮನೆಗೋ ಇಟ್ಟುಕೊಂಡು ಬಂದ ನಾಡಿನಲ್ಲಿ ಕೂತು, ಯೂರೋಪಿನ ವಾದ್ಯವೃಂದದ ಒಂದು ಸ್ವರದ ಎತ್ತರವನ್ನು ಪ್ರಾಚೀನ ಭಾರತೀಯ ರಹಸ್ಯವೆಂದು ಮಾರುವುದಕ್ಕೆ ಧೈರ್ಯ ಬೇಕು. ಅದು ಅವರಲ್ಲಿದೆ.

ಮೂರನೆಯವನು ಯಂತ್ರೋಪಜೀವಿ. ಮಲಗುವ ಕೋಣೆಯ ಗೋಡೆಗೆ ಫೋಮ್ ಅಂಟಿಸಿ, ಅದನ್ನು ಸ್ಟುಡಿಯೊ ಎಂದು ಕರೆಯುವವನು. ಇವನ ಭಾಷೆ ಪೂರ್ವಾಚಾರ್ಯರಿಗಿಂತ ಗಹನ. "ಲೋ ಎಂಡ್ ಸ್ವಲ್ಪ ಮಡ್ಡಿ, ಮಿಡ್ಸ್ ಬಾಕ್ಸಿ, ವೋಕಲ್ಲಿಗೆ ಏರ್ ಬೇಕು, ಗ್ಲೂ ಬರ್ತಾ ಇಲ್ಲ" ಎಂಬ ಇವನ ವಾಕ್ಯಕ್ಕೆ ಭಾಷ್ಯವಿಲ್ಲದೆ ಅನ್ವಯ ಕೂಡುವುದಿಲ್ಲ. ಟೇಪಿನ ಸುಯ್ ಎನ್ನುವ ಶಬ್ದವನ್ನು ಹೋಗಲಾಡಿಸಲು ಇಂಜಿನಿಯರುಗಳು ದಶಕಗಟ್ಟಲೆ ಹೆಣಗಿದರು. ಅದು ಪೂರ್ತಿ ಹೋದ ಮೇಲೆ ಇವನು ಅದನ್ನೇ ಪ್ಲಗಿನ್ ರೂಪದಲ್ಲಿ ದುಡ್ಡು ಕೊಟ್ಟು ತರಿಸಿ, ತನ್ನ ಶುದ್ಧವಾದ ರೆಕಾರ್ಡಿಂಗಿನ ಮೇಲೆ ಸವರಿ "ವಾರ್ಮ್ ಆಯ್ತು" ಅನ್ನುತ್ತಾನೆ.

ಆಟೊ-ಟ್ಯೂನ್ ಇವನ ಮಹಾಮಂತ್ರ. 1997ರಲ್ಲಿ ಅದನ್ನು ತಂದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ತೈಲ ಶೋಧನೆಯಲ್ಲಿದ್ದವರು. ನೆಲದೊಳಕ್ಕೆ ಕಂಪನ ಬಿಟ್ಟು ಹಿಂದಿರುಗಿದ್ದನ್ನು ಅಳೆಯುವ ಗಣಿತವನ್ನೇ ಗಂಟಲಿಗೆ ಹಚ್ಚಿದರು. ಮರುವರ್ಷವೇ ಷೇರ್ ಎಂಬ ಗಾಯಕಿಯ ಒಂದು ಹಾಡಿನಲ್ಲಿ ಅದನ್ನು ಬೇಕೆಂದೇ ಅತಿಯಾಗಿ ಬಳಸಿ, ದನಿಯನ್ನು ಲೋಹದ ಹಾಗೆ ಮಾಡಿ, ಅದನ್ನೇ ಒಂದು ಶೈಲಿಯಾಗಿಸಿದರು. ಅದು ಗೊತ್ತಿದ್ದು ಮಾಡಿದ ಆಟ, ಭೇಷ್ ಅನ್ನೋಣ. ನಮ್ಮವನು ಗೊತ್ತಿಲ್ಲದೆ ಮಾಡುವುದನ್ನು ನೋಡಿ. ಹುಡುಗಿಯೊಬ್ಬಳು ತೋಡಿಯ ಗಾಂಧಾರ ಹಾಡಿದ್ದಾಳೆ. ಆ ಗಾಂಧಾರ ಒಂದೆಡೆ ನಿಲ್ಲುವುದೇ ಇಲ್ಲ. ಕೆಳಗೆ ರಿಷಭದತ್ತ ಇಳಿದು, ಮೇಲೆ ಮಧ್ಯಮದತ್ತ ತೂಗಿ, ಆ ತೂಗಾಟದಲ್ಲೇ ತಾನು ಗಾಂಧಾರ ಎಂದು ತಿಳಿಸುತ್ತದೆ. ಯಂತ್ರವು ಪ್ರತಿ ಕ್ಷಣದ ಸ್ವರದ ಎತ್ತರವನ್ನು ಅಳೆದು ಹತ್ತಿರದ ಮನೆಗೆ ಎಳೆಯುತ್ತದೆ. ಎಳೆಯುವ ವೇಗವನ್ನು ಇವನು ಸೊನ್ನೆಗೆ ಇಟ್ಟಿರುತ್ತಾನೆ. ಆಗ ಗಮಕ ಎಂಬುದು ಜಾರುಬಂಡೆಗೆ ಮೆಟ್ಟಿಲು ಕಡಿದ ಹಾಗಾಗುತ್ತದೆ: ರಿ, ಗ, ಮ, ಗ, ರಿ, ಟಕ್ ಟಕ್ ಟಕ್. ವೇಗ ತಗ್ಗಿಸಿದರೆ, ಬೇಕಾದ ಜಾಗಕ್ಕೆ ಮಾತ್ರ ಹಚ್ಚಿದರೆ, ಅದೇ ಯಂತ್ರ ಗಮಕವನ್ನು ಅದರ ಪಾಡಿಗೆ ಬಿಡುತ್ತದೆ. ಅದಕ್ಕೆ ತೋಡಿ ಕೇಳಿರಬೇಕು. "ಪಿಚ್ ಸರಿ ಮಾಡಿದೀನಿ ಮೇಡಂ, ತುಂಬಾ ಅಲ್ಲಾಡ್ತಿತ್ತು" ಎನ್ನುತ್ತಾನೆ ಆಸಾಮಿ. ಇದು ನಾನು ಕಿವಿಯಾರೆ ಕೇಳಿದ ಮಾತು. ಅಲ್ಲಾಡ್ತಿತ್ತಂತೆ! ಏಳೆಂಟು ವರ್ಷ ಬೆಳಗ್ಗೆ ಎದ್ದು ಅಲ್ಲಾಡಿಸಲು ಕಲಿತಿದ್ದಳಯ್ಯಾ ಅವಳು.

ಕ್ಷಮಿಸಿ. ಶಾಸ್ತ್ರಕಾರನು ಆಶ್ಚರ್ಯಸೂಚಕ ಚಿಹ್ನೆ ಬಳಸಕೂಡದು.

ನಾಲ್ಕನೆಯವನು ಪ್ರತಿಭೋಪದೇಶಿ. ಸೃಜನಶೀಲತೆಯನ್ನು ಒಂದು ಭಾನುವಾರ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರೊಳಗೆ, ಊಟ ಕಾಫಿ ಸಮೇತ, ಕಲಿಸುವವನು. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರಾದರೂ ವಿದ್ವಾಂಸರಾಗುತ್ತಾರೆ ಎಂಬುದು ಇವನ ಮೊದಲ ಸ್ಲೈಡು. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಗಮನಿಸಿ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರೆದದ್ದು ಹೇಗೆ ಅಭ್ಯಾಸ ಮಾಡುತ್ತಾರೆ ಎಂಬುದನ್ನೂ ಕುರಿತದ್ದು; 2008ರಲ್ಲಿ ಗ್ಲಾಡ್‌ವೆಲ್ ಪುಸ್ತಕದಿಂದ ಊರೂರಿಗೆ ಹರಡಿದ್ದು ಗಂಟೆಯ ಲೆಕ್ಕ ಮಾತ್ರ. ಇವನಿಗೆ ಉಪವಿಧಗಳು ಏಳಿವೆ. ಮೊದಲನೆಯದು ಬಲಮೆದುಳಿನವನು. ಎರಡನೆಯದು...

ಬೇಡ ಬಿಡಿ. ಈ ವರ್ಗೀಕರಣ ನನಗೇ ಸಾಕಾಯಿತು. ಐದನೆಯವನು ಸಂಕೀರ್ಣ ಎಂದಿದ್ದೆ. ಅವನು ಮೊದಲ ನಾಲ್ವರ ಕಲಬೆರಕೆ, ನಮ್ಮೂರಿನ ಸಭಾಂಗಣದಲ್ಲಿ ಕಳೆದ ವರ್ಷ ಸೋದಾಹರಣ ಉಪನ್ಯಾಸ ಕೊಟ್ಟ. ಒಂದೂವರೆ ಗಂಟೆ. ಉದಾಹರಣೆಗಳು ಅದರಲ್ಲಿ ಹತ್ತು ನಿಮಿಷ. ಮೇಳವಾಯಿತು, ಶ್ರುತಿಯಾಯಿತು, ಮೆದುಳಿನ ತರಂಗವಾಯಿತು, ಕ್ವಾಂಟಮ್ಮೂ ಆಯಿತು. ಹಿಂದೆ ಶಿಷ್ಯೆಯೊಬ್ಬಳು ಅಷ್ಟು ಹೊತ್ತೂ ತಂಬೂರಿ ಮೀಟುತ್ತಿದ್ದಳು, ಆ ಮಾತಿನ ಕೆಳಗೆ. ಪ್ರಶ್ನೋತ್ತರಕ್ಕೆ ಬಿಟ್ಟಾಗ ಹನ್ನೊಂದು ಹನ್ನೆರಡರ ಒಂದು ಹುಡುಗಿ ಎದ್ದು ನಿಂತಳು.

"ಸರ್, ಅಕ್ಕ ಪ, ಸ ಮಾತ್ರ ಮೀಟ್ತಿದಾರೆ. ನಂಗೆ ಗ ಕೂಡ ಕೇಳಿಸ್ತಿದೆ. ಅದು ಎಲ್ಲಿಂದ ಬರತ್ತೆ?"

"ಮೊದ್ಲು ಜೂನಿಯರ್ ಪಾಸ್ ಮಾಡಮ್ಮ," ಎಂದರು ವಿದ್ವಾಂಸರು, ಮೈಕಿನಲ್ಲೇ. "ಥಿಯರಿ ಪೇಪರಲ್ಲಿ ಬರತ್ತೆ." ಸಭೆ ನಕ್ಕಿತು. ಹುಡುಗಿ ಕೂತಳು.

ನನಗೆ ಈಗಲೂ ಮೈ ಉರಿಯುತ್ತದೆ. ಇಡೀ ಸಂಜೆಯಲ್ಲಿ ತಂಬೂರಿಯನ್ನು ಕೇಳುತ್ತಿದ್ದವಳು ಅವಳೊಬ್ಬಳೇ. ಅವಳ ಪ್ರಶ್ನೆಯ ನೆರೆಮನೆಯ ಪ್ರಶ್ನೆಯನ್ನೇ ಹಿಡಿದು ಸಿ.ವಿ. ರಾಮನ್ ಕಲ್ಕತ್ತದಲ್ಲಿದ್ದಾಗ, 1921ರಲ್ಲಿ, ತಂಬೂರಿ ಮತ್ತು ವೀಣೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬೆಂಗಳೂರೂ ನೊಬೆಲ್ ಬಹುಮಾನವೂ ಇನ್ನೂ ದೂರವಿದ್ದ ಕಾಲ ಅದು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ಅಲುಗಾಡದಿರುವ ಉಪಸ್ವರ ಹುಟ್ಟಬಾರದು ಎನ್ನುತ್ತದೆ ಹಳೆಯ ನಿಯಮ. ತಂಬೂರಿಯಲ್ಲಿ ಅದು ಹುಟ್ಟುತ್ತದೆ. ಕಾರಣ ಕುದುರೆ. ಅದರ ಮೇಲ್ಮೈ ಚೂಪಾಗಿಲ್ಲ, ಅಗಲವಾಗಿ ನವಿರಾಗಿ ಬಾಗಿದೆ. ತಂತಿಯ ಕೆಳಗೆ ಜೀವಾಳದ ದಾರ ಸಿಕ್ಕಿಸಿದ್ದಾರೆ. ಅದುರುವ ತಂತಿ ಕುದುರೆಯನ್ನು ಮುಟ್ಟಿ ಬಿಡುತ್ತಾ, ಮುಟ್ಟಿ ಬಿಡುತ್ತಾ ಮೇಲಿನ ಉಪಸ್ವರಗಳಿಗೆ ಶಕ್ತಿ ಹಂಚುತ್ತದೆ. ಷಡ್ಜದ ತಂತಿಯಲ್ಲಿ ಐದನೆಯ ಉಪಸ್ವರ ಎರಡು ಸ್ಥಾಯಿ ಮೇಲಿನ ಅಂತರ ಗಾಂಧಾರ. ಬೋರ್ಡಿನ ಮೇಲೆ ಸಾಧಿಸಿದ ಆ 386 ಸೆಂಟ್ಸ್ ಇದೇ. ಅದು ಹುಡುಗಿಯ ಕಿವಿಗೆ ಬಿದ್ದಿತ್ತು, ಬೋರ್ಡಿನ ಮುಂದೆ ನಿಂತವರಿಗೆ ಬಿದ್ದಿರಲಿಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಕಿವಿಯನ್ನೇ ನೆಚ್ಚಿ ಕಲಿತು ಕಛೇರಿ ಮಾಡುವವರಾದರು. ಕಲಿಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಕಣ್ಣಿರುವ ನಾವು ಮಕ್ಕಳಿಗೆ ಸ್ಲೈಡು ತೋರಿಸುತ್ತಿದ್ದೇವೆ. ತಂಬೂರಿ ಮನೆಯ ಮೂಲೆಯಲ್ಲಿ ಚೀಲದೊಳಗಿದೆ. ಜೀವಾಳದ ದಾರ ಕೂರಿಸಲು ಬರುವವರು ಕಡಿಮೆ, ಮಣಿ ಸರಿಸಿ ಶ್ರುತಿ ಮಾಡುವಷ್ಟು ತಾಳ್ಮೆ ಇನ್ನೂ ಕಡಿಮೆ. ಫೋನಿನಲ್ಲಿ ಒತ್ತಿದರೆ ತಂಬೂರಿ ಬರುತ್ತದೆ, ಬೆರಳಗಲದ ಸ್ಪೀಕರಿನಲ್ಲಿ, ಮಂದ್ರ ಷಡ್ಜದ ಬುಡವೇ ಇಲ್ಲದೆ. ಅನುಕೂಲವನ್ನು ನಾನು ಹಳಿಯುತ್ತಿಲ್ಲ. ಬಸ್ಸಿನಲ್ಲಿ ಯಾರೂ ತಂಬೂರಿ ಹೊರಲಾರರು. ಆದರೆ ಒಂದು ಮಗು ದಿನಕ್ಕೆ ಹತ್ತು ನಿಮಿಷ ನಿಜವಾದ ತಂಬೂರಿಯ ಪಕ್ಕ ಸುಮ್ಮನೆ ಕೂತರೆ ಸಿಗುವಷ್ಟು ಪಾಠ ಈ ಐವರನ್ನೂ ಸೇರಿಸಿ ಹಿಂಡಿದರೂ ಸಿಗುವುದಿಲ್ಲ, ಅದು ಗೊತ್ತಿದ್ದೂ ನಾವು ಅವಳ ಕೈಗೆ ಪ್ರಶ್ನೆಪತ್ರಿಕೆ ಕೊಡುತ್ತಿದ್ದೇವೆ.

ಸನ್ಮಾನ ನಡೆಯುತ್ತಿದ್ದಾಗ ಆ ಹುಡುಗಿ ವೇದಿಕೆಯ ಹಿಂದಿದ್ದಳು. ತಂಬೂರಿಯ ಶಿಷ್ಯೆ ಅವಳನ್ನು ಪಕ್ಕ ಕೂರಿಸಿಕೊಂಡು, ಷಡ್ಜದ ತಂತಿಯ ಉದ್ದದ ಐದನೆಯ ಒಂದು ಭಾಗಕ್ಕೆ ಬೆರಳು ಹಗುರವಾಗಿ ಮುಟ್ಟಿಸಿ ಮೀಟಿದಳು. ಗಾಂಧಾರ ಒಂಟಿಯಾಗಿ, ಸ್ಪಷ್ಟವಾಗಿ ಬಂತು. ಹುಡುಗಿ ಅದನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡಿ ನೋಡಿದಳು. "ಪಂಚಮದ ತಂತೀಲೂ ಹಿಂಗೇ ಮುಟ್ಟಿದ್ರೆ?" ಮುಟ್ಟಿದರು, ಕಾಕಲಿ ನಿಷಾದ ಬಂತು. ಶಿಷ್ಯೆಗೂ ಅದು ಹೊಸದು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಮತ್ತೆ ಷಡ್ಜದ ತಂತಿಗೆ ಬಂದು ನಾಲ್ಕು, ಆರು, ಏಳು ಎಂದು ಬೆರಳು ಸರಿಸುತ್ತಾ ಹೋದರು. ಏಳನೆಯ ಭಾಗದಲ್ಲಿ ಬಂದ ನಿಷಾದ ಕೈಶಿಕಿಗಿಂತ ಒಂದು ಚೂರು ಇಳಿದಿತ್ತು. ಇದೇನು ಅಂತ ಇಬ್ಬರೂ ಮುಖ ನೋಡಿಕೊಂಡರು. ಅಷ್ಟರಲ್ಲಿ ಶಾಮಿಯಾನದವನು ಬಂದು ಕುರ್ಚಿ ಮಡಚತೊಡಗಿದ್ದ.

"ಅಕ್ಕಾ, ಅದನ್ನೇ ಇನ್ನೊಂದ್ಸಲ ಮೀಟಿ," ಅಂದಳು ಹುಡುಗಿ.