ಎರಡು, ಮುಕ್ಕಾಲು, ಕಾಲು

ಸ್ಪೇನ್ ಸರ್ಕಾರದ ಲೆಕ್ಕದಲ್ಲಿ ನಾನು ಮುಕ್ಕಾಲು. ಹೆಂಡತಿ ಎರಡು, ಮಗಳು ಕಾಲು. ಒಟ್ಟು ಮೂರು. ಮನೆಯಲ್ಲಿರುವುದೂ ಮೂರೇ ಜನವಾದ್ದರಿಂದ ಲೆಕ್ಕ ತಪ್ಪು ಅನ್ನುವ ಹಾಗೂ ಇಲ್ಲ.

ಬೇರೆ ದೇಶದ ಕಂಪನಿಗೆ ಲ್ಯಾಪ್‌ಟಾಪಿನಲ್ಲೇ ದುಡಿಯುತ್ತ ತಮ್ಮ ದೇಶದಲ್ಲಿ ಬಂದು ಇರುವವರಿಗೆಂದು ಸ್ಪೇನಿನವರು 2022ರ ಕೊನೆಯಲ್ಲಿ ಕಾನೂನು ಮಾಡಿದರು. ಡಿಜಿಟಲ್ ನೊಮ್ಯಾಡ್, ಅಂದರೆ ಡಿಜಿಟಲ್ ಅಲೆಮಾರಿ, ವೀಸಾ ಅನ್ನುವುದು ಇದನ್ನೇ. ಅರ್ಜಿ ಹಾಕುವವರ ವರಮಾನ ಅಲ್ಲಿನ ಕನಿಷ್ಠ ವೇತನದ ಎರಡರಷ್ಟಿರಬೇಕು. ಜೊತೆಗೆ ಬರುವ ಮೊದಲನೆಯವರಿಗೆ ಆ ವೇತನದ ಮುಕ್ಕಾಲು ಭಾಗ ಸೇರಿಸಿ ತೋರಿಸಬೇಕು, ಆಮೇಲಿನವರಿಗೆ ತಲಾ ಕಾಲು. 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 1,184 ಯೂರೊ, ಅದೂ ವರ್ಷಕ್ಕೆ 14 ಸಲ. ಎಲ್ಲ ಕೂಡಿಸಿ ಹನ್ನೆರಡು ತಿಂಗಳಿಗೆ ಹಂಚಿದರೆ ನಮ್ಮ ಮೂವರಿಗೆ ತಿಂಗಳಿಗೆ 4,144 ಯೂರೊ. “ಹದಿನಾಲ್ಕು ಸಂಬಳವಾ? ಅವರಿಗೆ ವರ್ಷಾ ವರ್ಷಾ ಎರಡೆರಡು ಅಧಿಕಮಾಸ ಬರುತ್ತಾ?” ಅಂತ ತಿಪಟೂರಿನಿಂದ ವಿಡಿಯೊ ಕಾಲಿನಲ್ಲಿ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ.

ದುಡಿಯುವವಳು ಹೆಂಡತಿ, ಬೆಂಗಳೂರಿನ ಕಂಪನಿಯೊಂದಕ್ಕೆ ಕನ್ಸಲ್ಟೆಂಟ್. ನಾನು ಲೆಕ್ಚರರ್ ಕೆಲಸ ಬಿಟ್ಟು ಮಗಳನ್ನೂ ಕುಕ್ಕರನ್ನೂ ನೋಡಿಕೊಳ್ಳುತ್ತ ಕನ್ನಡದಲ್ಲಿ ಬರೆಯುವವನು. ನನಗೆ ಈವರೆಗೆ ಬಂದ ಗೌರವಧನವನ್ನೆಲ್ಲ ಗುಡ್ಡೆ ಹಾಕಿದರೂ ಮೇಲೆ ಹೇಳಿದ ಕಾಲು ಭಾಗ ಕೂಡ ಆಗಲಿಕ್ಕಿಲ್ಲ. ‘ಅವಲಂಬಿತ’ ಅನ್ನುವ ಕಡೆ ನಾನು ಎರಡನೇ ಮಾತಿಲ್ಲದೆ ಸಹಿ ಹಾಕಿದೆ.

ಇಂಥ ವೀಸಾದ ಜಾಹೀರಾತುಗಳಲ್ಲಿ ಸಮುದ್ರದ ದಂಡೆ, ಟೋಪಿ, ಎಳನೀರು, ತೊಡೆಯ ಮೇಲೊಂದು ಲ್ಯಾಪ್‌ಟಾಪು ಇರುತ್ತವೆ. ನಾವಿರುವ ವಲೆನ್ಸಿಯಾದಲ್ಲಿ ಸಮುದ್ರ ಇದೆ, ಸುಳ್ಳಲ್ಲ. ಆದರೆ ಬೆಂಗಳೂರಿನ ಒಂಬತ್ತೂವರೆ ಮೀಟಿಂಗು ಇಲ್ಲಿ ಬೇಸಿಗೆಯಲ್ಲಿ ಬೆಳಗಿನ ಆರಕ್ಕೆ, ಚಳಿಗಾಲದಲ್ಲಿ ಐದಕ್ಕೆ. ಅಷ್ಟು ಹೊತ್ತಿಗೆ ದಂಡೆಗೆ ಹೋದರೆ ಪೊಲೀಸರು ವಿಚಾರಿಸುತ್ತಾರೆ. ನಮ್ಮ ಅಲೆಮಾರಿ ಅಡುಗೆಮನೆಯ ಮೇಜಿನ ಮುಂದೆ ಶಾಲು ಹೊದ್ದು ಕೂತು “ಆಮ್ ಐ ಆಡಿಬಲ್?” ಅನ್ನುತ್ತಿರುತ್ತಾಳೆ. ಕುಕ್ಕರ್ ಮೂರನೇ ಸೀಟಿ ಹೊಡೆದರೆ ಬೆಂಗಳೂರಿನಲ್ಲಿ ಯಾರೋ “ಬೇಳೆ ಬೆಂದಿದೆ ಮೇಡಂ” ಅನ್ನುತ್ತಾರೆ. ಮ್ಯೂಟ್ ಮಾಡಲು ಕೈ ಬಿಡುವಿರುವುದಿಲ್ಲ, ಅದರಲ್ಲಿ ಕಾಫಿ ಲೋಟ.

ಕಾಗದಪತ್ರದ ಕಥೆ ಬೇಗ ಮುಗಿಸುತ್ತೇನೆ, ಅನುಭವಿಸಿದವರಿಗೆ ಗೊತ್ತು. ಪೊಲೀಸ್ ಕ್ಲಿಯರೆನ್ಸು, ಮದುವೆ ನೋಂದಣಿ ಪತ್ರ, ಪದವಿ ಪತ್ರ, ಅವಕ್ಕೆ ಅಪೊಸ್ಟಿಲ್ ಮುದ್ರೆ, ಆಮೇಲೆ ಪ್ರಮಾಣಿತ ಅನುವಾದಕರಿಂದ ಸ್ಪ್ಯಾನಿಷ್ ಪ್ರತಿ. ತೊಡಕಾದದ್ದು ನನ್ನ ಹೆಸರು. ಸ್ಪೇನಿನವರಿಗೆ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು, ಹೀಗೆ ಎರಡು ಮನೆತನದ ಹೆಸರು. ನನಗಿರುವುದು ಎರಡು ಇನಿಷಿಯಲ್ಲು: ಮೊದಲನೆಯದು ಅರಕಲಗೂಡು, ಎರಡನೆಯದು ಅಪ್ಪ. ನಮ್ಮ ಅರ್ಜಿ ನೋಡಿಕೊಳ್ಳುತ್ತಿದ್ದ ವಕೀಲೆ ತುಂಬ ಹೊತ್ತು ಯೋಚಿಸಿ ಊರನ್ನು ಅಪ್ಪನ ಜಾಗಕ್ಕೂ, ಅಪ್ಪನನ್ನು ಅಮ್ಮನ ಜಾಗಕ್ಕೂ ಹಾಕಿದರು. ಅಪ್ಪ ಇದ್ದಿದ್ದರೆ ನಗುತ್ತಿದ್ದರೋ ಕೋರ್ಟಿಗೆ ಹೋಗುತ್ತಿದ್ದರೋ ಹೇಳಲಾರೆ.

ಸ್ಪೇನಿನೊಳಗೇ ಇದ್ದು ಅರ್ಜಿ ಹಾಕಿದರೆ 20 ಕೆಲಸದ ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಒಪ್ಪಿದ್ದಾರೆ ಅಂತಲೇ ಕಾನೂನು. ಮೌನಂ ಸಮ್ಮತಿ ಲಕ್ಷಣಂ ಅನ್ನುವುದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಸರ್ಕಾರವನ್ನು ನಾನು ಬೇರೆ ನೋಡಿಲ್ಲ. ನಮ್ಮ ಮನೆಗೆ ಈ ನಿಯಮ ಅನ್ವಯಿಸದು. ಹೆಂಡತಿಯ ಮೌನಕ್ಕೆ ಸಮ್ಮತಿ ಅಂತ ಅರ್ಥ ಮಾಡಿಕೊಂಡು ನಾನು ಸೋಫಾ ಕೊಂಡಾಗ ಇದು ಸಾಬೀತಾಗಿದೆ.

ನಮ್ಮದು ಆಯಿತು. ಆಮೇಲೆ ಹೆಂಡತಿಗೆ ಅಮ್ಮನನ್ನೂ ಕರೆಸಿಕೊಳ್ಳುವ ಆಸೆ. ಕಾನೂನಿನಲ್ಲಿ ಅವಕಾಶವಿದೆ, ಹೆಚ್ಚಿಗೆ ತೋರಿಸಬೇಕಾದ ವರಮಾನವೂ ಬರೀ ಕಾಲು. ಆದರೆ ತಾಯಿ ಮಗಳ ಆಸರೆಯಲ್ಲೇ ಬದುಕುತ್ತಿದ್ದಾರೆಂದು ರುಜುವಾತು ಕೊಡಬೇಕು.

ಅತ್ತೆ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಪೆನ್ಶನ್ ಉಂಟು, ಠೇವಣಿ ಉಂಟು, ತೆಂಗಿನ ತೋಟ ಉಂಟು. “ಪ್ರತಿ ನವೆಂಬರ್‌ನಲ್ಲಿ ನಾನು ಬದುಕಿದ್ದೀನಿ ಅಂತ ಬ್ಯಾಂಕಿಗೆ ಬರೆದುಕೊಡ್ತೀನಿ. ಈಗ ನನ್ನ ಕೈಲಿ ಏನೂ ಇಲ್ಲ ಅಂತ ಸ್ಪೇನಿಗೆ ಬರೆದುಕೊಡಬೇಕೇನೇ?”

“ಬರೀ ಫಾರಮ್ಮಿಗೆ ಅಮ್ಮ.”

“ಫಾರಮ್ಮಿನಲ್ಲಿ ಸುಳ್ಳು ಬರೆದ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಿದ್ದೀನಿ ಕಣೇ ನಾನು.”

ಮಗಳು ತಾಯಿಗೆ ದುಡ್ಡು ಕಳಿಸಿದ ದಾಖಲೆ ಕೊಡಿ ಸಾಕು ಅಂದರು ವಕೀಲೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ಪ್ರವಾಹ ಪೂರ್ತಿ ಉಲ್ಟಾ. ಯುಗಾದಿಗೆ ತಿಪಟೂರಿನಿಂದ ಜಮಾ. ಗೌರಿ ಹಬ್ಬಕ್ಕೆ ತವರಿನ ಅರಿಶಿನ ಕುಂಕುಮದ ಬಾಬ್ತು ಜಮಾ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಜಮಾ. ವಿಮಾನದ ಟಿಕೆಟ್ಟಿಗೂ ಅವರದೇ ಒಂದು ಪಾಲು. ವಕೀಲೆ ಪೆನ್ಸಿಲ್ ಹಿಡಿದು ಮೇಲಿಂದ ಕೆಳಗೆ ನೋಡಿ, ಈ ದಾಖಲೆಯಿಂದ ಮಗಳೇ ತಾಯಿಯ ಅವಲಂಬಿತೆ ಅಂತ ಮಾತ್ರ ಸಾಧಿಸಬಹುದು ಅಂದರು. ದಾಖಲೆ ಹುಟ್ಟಿಸೋಣವೆಂದು ಹೆಂಡತಿ ಒಂದನೇ ತಾರೀಖು ಅಮ್ಮನಿಗೆ ಐವತ್ತು ಸಾವಿರ ಕಳಿಸಿದಳು. ಎರಡನೇ ತಾರೀಖು ಐವತ್ತು ಸಾವಿರದ ಒಂದು ರೂಪಾಯಿ ವಾಪಸು ಬಂತು.

ಕೊನೆಗೆ ಅತ್ತೆ ಮಾಮೂಲಿ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದರು. ಅದರಲ್ಲಿ, ಖರ್ಚು ಯಾರದು, ಅರ್ಜಿದಾರರದೋ ಕರೆಸಿಕೊಳ್ಳುವವರದೋ ಅಂತ ಒಂದು ಪ್ರಶ್ನೆ. ‘ಅರ್ಜಿದಾರರದೇ’ ಅನ್ನುವುದಕ್ಕೆ ಉತ್ತರಪತ್ರಿಕೆ ತಿದ್ದುವಷ್ಟು ದೊಡ್ಡ ರೈಟ್ ಹಾಕಿ, ಪೆನ್ಶನ್ ಪುಸ್ತಕ, ಠೇವಣಿ ರಸೀದಿ, ತೋಟದ ಪಹಣಿ ಲಗತ್ತಿಸಿದರು. ಪಹಣಿ ಯಾರೂ ಕೇಳಿರಲಿಲ್ಲ. ವೀಸಾ ಬಂತು.

ಅತ್ತೆ ನಮ್ಮ ಮನೆಗೆ ಬಂದ ಮಾರನೆಯ ದಿನವೇ ಫ್ರಿಜ್ಜು ತೆಗೆದು ನೋಡಿ, ಕರೆಂಟ್ ಬಿಲ್ಲು ಎಷ್ಟು ಅಂತ ಕೇಳಿ, ಬಾಡಿಗೆ ಎಷ್ಟು ಅಂತ ಕೇಳಿ, ಕನ್ನಡಕ ಹಣೆಗೇರಿಸಿ ಕೂತರು.

“ನನಗೆ ತೊಂಬತ್ತೇ ದಿನ ಕೊಟ್ಟಿದಾರೆ ಅಳಿಯಂದ್ರೇ. ಆಮೇಲೆ ನೀವು ಮೂರೂ ಜನ ಹೇಗೆ ನಿಭಾಯಿಸ್ತೀರೋ, ನಂಗೆ ಅದೇ ಯೋಚನೆ.”