ಸಬ್ಸಿಡಿ ಸಾಹೇಬರ ಗಂಟೆ ಲೆಕ್ಕ

ಆಸ್ಟ್ರೇಲಿಯಾದ ಶಿಶುಪಾಲನಾ ಸಬ್ಸಿಡಿಯ ಈ ಸಾಹೇಬರು ಕಾಲ್ಪನಿಕ. ಅವರ ನಿಯಮಗಳು ಮಾತ್ರ ಅಸಲಿ. 'ಮೂಲನಿವಾಸಿ ಮಕ್ಕಳ ಕೇಂದ್ರಗಳಿಗೆ ನೇರವಾಗಿ ಕೊಡುತ್ತಿದ್ದ ಅನುದಾನವನ್ನು 2018ರಲ್ಲಿ ಯಾಕೆ ನಿಲ್ಲಿಸಿದಿರಿ ಸಾಹೇಬರೇ?' ಎಂದರೆ, 'ನಿಲ್ಲಿಸಲಿಲ್ಲ, ಸುಧಾರಿಸಿದೆವು. ಈಗ ದುಡ್ಡು ಮಗುವಿನ ಹಿಂದೆಯೇ ಹೋಗುತ್ತದೆ' ಎನ್ನುತ್ತಾರೆ. 'ಆ ದುಡ್ಡು ಹೊರಡುವ ಮೊದಲು ಅಪ್ಪ ಅಮ್ಮ ಎಷ್ಟು ಗಂಟೆ ದುಡಿದರೆಂದು ಕೇಳಿತಲ್ಲ?' 'ಕೇಳಬೇಡವೇ? ತೆರಿಗೆದಾರರ ಹಣ!' ಲೆಕ್ಕ ಕೇಳುವುದು ತಪ್ಪಲ್ಲ, ಒಪ್ಪೋಣ. ಆದರೆ ಕೆಲಸವೇ ಸಿಗದ ದೂರದ ಊರಿನಲ್ಲಿ ಈ ಲೆಕ್ಕವು ಯಾವ ಮಗುವಿಗೆ ಕೇಂದ್ರ ಹೆಚ್ಚು ಬೇಕೋ ಆ ಮಗುವಿಗೇ ಗಂಟೆ ಕಡಿತ ಮಾಡುತ್ತಿತ್ತು. ಮೇಲಾಗಿ, ದುಡ್ಡು ಮಗುವಿನ ಹಿಂದೆ ಹೋದರೂ, ಹಾಜರಿ ಇಳಿದ ವಾರ ಶಿಕ್ಷಕಿಯ ಸಂಬಳವೇನೂ ಇಳಿಯುವುದಿಲ್ಲ.

'2023ರಲ್ಲಿ ಈ ಮಕ್ಕಳಿಗೆ ಎರಡು ವಾರಕ್ಕೆ ಕನಿಷ್ಠ 36 ಗಂಟೆ ಸಬ್ಸಿಡಿ, ಹೆತ್ತವರು ದುಡಿಯಲಿ ಬಿಡಲಿ, ಕೊಟ್ಟೆವಲ್ಲ!' ಕೊಟ್ಟಿರಿ, ಸಂತೋಷ. ಕೇಂದ್ರವೇ ಇಲ್ಲದ ಊರಿನಲ್ಲಿ ಆ ಗಂಟೆಗಳನ್ನು ಗೋಡೆಗೆ ನೇತುಹಾಕಬೇಕೇ? ಶಾಲೆ ಸೇರುವಾಗ ಬೆಳವಣಿಗೆಯ ಐದೂ ಅಂಶಗಳಲ್ಲಿ ಸರಿದಾರಿಯಲ್ಲಿದ್ದ ಮೂಲನಿವಾಸಿ ಮಕ್ಕಳು 2018ರಲ್ಲಿ ಶೇ. 35.2, 2024ರಲ್ಲಿ ಶೇ. 33.9. ಈ ಇಳಿಕೆಗೆ ಅನುದಾನವೊಂದೇ ಕಾರಣವಲ್ಲ, ಮನೆ, ಆರೋಗ್ಯಗಳ ಪಾಲೂ ಇದೆ. ಸಾಹೇಬರು ಇದನ್ನು ಬಹಳ ಉತ್ಸಾಹದಿಂದ ಒಪ್ಪುತ್ತಾರೆ. 'ಮತ್ತೆ 2031ಕ್ಕೆ ಶೇ. 55 ಎಂಬ ನಿಮ್ಮದೇ ಗುರಿ?' 'ಗುರಿಗೇನೂ ಹಾಜರಿ ಪುಸ್ತಕವಿಲ್ಲವಲ್ಲ' ಎಂದರು ಸಾಹೇಬರು.